ಸಪಾಟು ಊರಿನ ಏರು

ಬಳ್ಳಾರಿ ಸಪಾಟು ಊರು ಎಂದು ನಾನು ಮೂವತ್ತು ವರ್ಷ ವಾದಿಸಿಕೊಂಡು ಬಂದವನು. ಊರ ನಡುವೆಯೇ ಕೋಟೆಗುಡ್ಡ ಇದೆಯಲ್ಲ, ಅದರ ಮಗ್ಗುಲಿಗೆ ಕುಂಬಾರಗುಡ್ಡ ಇದೆಯಲ್ಲ ಎಂದು ಯಾರಾದರೂ ತಕರಾರು ತೆಗೆದರೆ ನನ್ನ ಉತ್ತರ ಸಿದ್ಧವಿತ್ತು: ಊಟದ ಎಲೆಯ ಮೇಲೆ ಎರಡು ಮುದ್ದೆ ಇಟ್ಟ ಮಾತ್ರಕ್ಕೆ ಎಲೆ ಗುಡ್ಡಗಾಡಾಗುತ್ತದೆಯೇ? ಗುಡ್ಡ ಗುಡ್ಡದ ಪಾಡಿಗೆ, ಊರು ಊರಿನ ಪಾಡಿಗೆ.

ಈ ವಾದಕ್ಕೆ ಮನೆಯೊಳಗೇ ಒಬ್ಬ ಎದುರುವಾದಿ ಇದ್ದಳು. ನಲ್ಲಿಯಲ್ಲಿ ನೀರು ಬಿಡುವ ದಿನ ನಮ್ಮ ಬೀದಿಯ ಆ ತುದಿಯ ಮನೆಗಳವರು ಕೊಡ, ಡ್ರಮ್ಮು, ತೊಟ್ಟಿ ಎಲ್ಲ ತುಂಬಿಸಿಕೊಂಡು, ಅಂಗಳಕ್ಕೆ ನೀರು ಹೊಡೆದು, ಸ್ಕೂಟರ್ ತೊಳೆಯುವ ಹೊತ್ತಿಗೂ ನಮ್ಮ ನಲ್ಲಿ ಬುಸ್ಸೆಂದು ಗಾಳಿ ಉಗುಳುತ್ತಲೇ ಇರುತ್ತದೆ. ‘ನಮ್ಮನಿ ಏರಿನ ಮ್ಯಾಲೆ ಐತ್ರೀ, ಅದಕ್ಕ ನೀರು ಹತ್ತಂಗಿಲ್ಲ’ ಎಂಬುದು ನನ್ನಾಕೆಯ ಸಿದ್ಧಾಂತ. ‘ಎಲ್ಲೈತಿ ಏರು? ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲತೈತಿ. ಪೈಪಿನಾಗ ಕಸ ಕೂತೈತಿ, ಅಷ್ಟ’ ಎಂಬುದು ನನ್ನದು. ಗೋಲಿ ಇಟ್ಟು ನೋಡಿದವರು ಇಬ್ಬರಲ್ಲಿ ಯಾರೂ ಇಲ್ಲ. ಸಂಸಾರದಲ್ಲಿ ವಾದಗಳು ಬಾಳಿಕೆ ಬರುವುದೇ ಯಾರೂ ಪರೀಕ್ಷೆಗೆ ಇಳಿಯದಿರುವುದರಿಂದ.

ಪರೀಕ್ಷೆಗೆ ಇಳಿಸಿದ್ದು ಸೈಕಲ್ಲು.

ಬೆಳಗಿನ ಜಾವ ಸೈಕಲ್ ತುಳಿಯುವ ನಮ್ಮದೊಂದು ಗುಂಪಿದೆ. ನನ್ನಾಕೆ ಅದನ್ನು ಸೈಕಲ್ ಭಜನಾ ಮಂಡಳಿ ಎನ್ನುತ್ತಾಳೆ. ತುಳಿಯುವುದಕ್ಕಿಂತ ಮಾತು ಹೆಚ್ಚು ಎಂಬರ್ಥದಲ್ಲಿ. ಒಬ್ಬರು ಬ್ಯಾಂಕ್ ಮ್ಯಾನೇಜರು, ಒಬ್ಬರು ಮೂಳೆ ಡಾಕ್ಟರು, ಒಬ್ಬರು ಜೀನ್ಸ್ ಹೊಲಿಸುವ ಸಾಹುಕಾರರು, ಒಬ್ಬರು ವಿಮೆ ಏಜೆಂಟರು, ಒಬ್ಬ ಉಕ್ಕಿನ ಕಾರ್ಖಾನೆಯ ಎಳೆಯ ಎಂಜಿನಿಯರು, ಮತ್ತೆ ಕನ್ನಡ ಮೇಷ್ಟ್ರಾದ ನಾನು. ಒಬ್ಬೊಬ್ಬರು ಒಂದೊಂದು ಕಾರಣಕ್ಕೆ ಸೈಕಲ್ ಹತ್ತಿದವರು. ಮ್ಯಾನೇಜರಿಗೆ ಸಕ್ಕರೆ. ಸಾಹುಕಾರರಿಗೆ ಹೊಟ್ಟೆ, ಊರೂರಿಗೆ ಪ್ಯಾಂಟು ಹೊಲಿದು ಕಳಿಸುವ ಊರಿನಲ್ಲಿದ್ದೂ ತಮ್ಮ ಅಳತೆಯದು ಸಿಗುತ್ತಿಲ್ಲವೆಂಬ ಕೊರಗು. ಡಾಕ್ಟರಿಗೆ, ಪೇಷೆಂಟುಗಳಿಗೆ ಹೇಳಿದ್ದನ್ನು ತಾವೂ ಮಾಡಿ ತೋರಿಸಬೇಕಾದ ಪೇಚು. ಏಜೆಂಟರು ಸೈಕಲ್ ಹತ್ತಿದ ಕಾರಣ ಮಿಕ್ಕ ಐವರು. ಎಂಜಿನಿಯರೊಬ್ಬನೇ ಸೈಕಲ್ಲಿಗಾಗಿ ಸೈಕಲ್ ತುಳಿಯುವವನು. ನಾನು, ಬಾಲ್ಯದಲ್ಲಿ ತಾಸಿನ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲು ಹೊಡೆಯುತ್ತ ಸೀಟಿನ ಮೇಲೆ ಕೂರುವ ಭಾಗ್ಯ ಕಾಣದೆ ದೊಡ್ಡವನಾದ ಬಾಕಿಯನ್ನು ಐವತ್ತು ದಾಟಿದ ಮೇಲೆ ತೀರಿಸಿಕೊಳ್ಳುತ್ತಿರುವವನು.

‘ಸರ್, ಒಂದ್ಸಲ ಮೌಂಟನ್ಸ್‌ಗೆ ಹೋಗೋಣ’ ಎಂದವನು ಈ ಎಂಜಿನಿಯರೇ. ಮನಾಲಿಯಿಂದ ಲೇಹ್‌ಗೆ ಸೈಕಲ್ಲಿನಲ್ಲಿ ಹೋಗುವವರ ವಿಡಿಯೊ ತೋರಿಸಿದ. ಹಿಮ, ಹೊಗೆಯಂತೆ ಬರುವ ಉಸಿರು, ತಿರುವಿನ ಮೇಲೆ ತಿರುವು. ನಾವೆಲ್ಲ ಆಹಾ ಎಂದೆವು. ಮಾರನೇ ವಾರ ರಜೆ ಸಿಗದ ಕಾರಣ ಮನಾಲಿ ಚಿಕ್ಕಮಗಳೂರಾಯಿತು. ಅದರ ಮಾರನೇ ವಾರ ಡಾಕ್ಟರು ಮುಳ್ಳಯ್ಯನಗಿರಿಯ ಏರನ್ನು ನೆನೆದು, ನಮ್ಮೆಲ್ಲರ ಮೊಣಕಾಲುಗಳನ್ನೂ ಒಮ್ಮೆ ನೋಡಿದ್ದರಿಂದ ಚಿಕ್ಕಮಗಳೂರು ಸಂಡೂರಾಯಿತು. ಅದಿರಿನ ಲಾರಿಗಳ ನಡುವೆ ಸೈಕಲ್ ಹೊಡೆಯಲು ತಮ್ಮ ಪಾಲಿಸಿ ಒಪ್ಪುವುದಿಲ್ಲವೆಂದು ಏಜೆಂಟರು ಹೇಳಿದ್ದರಿಂದ ಸಂಡೂರೂ ಹೋಯಿತು. ಕೊನೆಗೆ ಸಾಹುಕಾರರು ತೀರ್ಪು ಕೊಟ್ಟರು: ‘ಕುರುಗೋಡಾಗ ಬೆಟ್ಟ ಐತಿ, ಸಿರುಗುಪ್ಪದಾಗ ಹೊಳಿ ಐತಿ, ಸಿರುಗುಪ್ಪದಾಗ ಒಗ್ಗರಣೆ-ಮಿರ್ಚಿನೂ ಐತಿ. ಮನಾಲಿಯಾಗ ಇನ್ನೇನೈತಿ?’

ಎಂಜಿನಿಯರ ಮುಖ ಬಾಡಿತು. ‘ಅವೇನ್ ಬೆಟ್ಟ ಸರ್, ಕಲ್ಲು ರಾಶಿ’ ಎಂದ. ಇಲ್ಲಿ ನನ್ನೊಳಗಿನ ಮೇಷ್ಟ್ರು ಎದ್ದ. ಹಿಮಾಲಯ ಮೇಲೇಳಲು ಶುರುವಾಗಿ ಹೆಚ್ಚೆಂದರೆ ಐದು ಕೋಟಿ ವರ್ಷ. ನಮ್ಮ ಈ ಕಣಶಿಲೆಯ ಗುಡ್ಡಗಳಿಗೆ ಸುಮಾರು ಇನ್ನೂರೈವತ್ತು ಕೋಟಿ ವರ್ಷ. ಬಿಸಿಲು, ಮಳೆ, ಗಾಳಿ ತಿಂದು ತಿಂದು ಉಳಿದ ಎಲುಬು ಇದು. ಹಿಮಾಲಯ ಇನ್ನೂ ಬೆಳೆಯುತ್ತಿರುವ ಹುಡುಗ, ಇದು ಅಟ್ಟಾಡಿ ಮುಗಿಸಿ ಕಟ್ಟೆಯ ಮೇಲೆ ಕೂತ ತಾತ ಎಂದೆ. ಅವನು ಒಪ್ಪಿದನೋ, ತಾತನ ಮಾತಿಗೆ ಎದುರಾಡಬಾರದೆಂದು ಸುಮ್ಮನಾದನೋ, ಅಂತೂ ಎರಡು ದಿನಕ್ಕೆ ಎಪ್ಪತ್ತು ಚಿಲ್ಲರೆ ಕಿಲೋಮೀಟರಿನ ಪ್ರವಾಸ ಗೊತ್ತಾಯಿತು.

1923ರಲ್ಲಿ ಮುಂಬಯಿಯಿಂದ ಆರು ಜನ ಪಾರ್ಸಿ ತರುಣರು ಸೈಕಲ್ಲಿನ ಮೇಲೆ ಭೂಮಂಡಲ ಸುತ್ತಲು ಹೊರಟಿದ್ದರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮ್‌ಗರಾ ಎಂಬ ಮೂವರೇ ಸುತ್ತು ಮುಗಿಸಿ 1928ರಲ್ಲಿ ಮರಳಿದರು. ಗುಂಪು ಸವೆಯುವುದರಲ್ಲಿ ನಾವೇನೂ ಅವರಿಗೆ ಕಡಿಮೆಯಿಲ್ಲ. ನಮ್ಮಲ್ಲಿ ಹೆಸರು ಕೊಟ್ಟವರು ಒಂಬತ್ತು, ಬಂದವರು ಆರು. ಮೂವರು ಕಳಚಿಕೊಂಡದ್ದು ಹೊರಡುವ ಹಿಂದಿನ ರಾತ್ರಿಯೇ.

2024ರ ಡಿಸೆಂಬರಿನ ಎರಡನೇ ಶನಿವಾರ, ಬೆಳಿಗ್ಗೆ ಐದೂವರೆ. ರಾಯಲ್ ಸರ್ಕಲ್ಲಿನಲ್ಲಿ ಸೇರಿದೆವು. ಬಳ್ಳಾರಿಯವರಿಗೆ ಚಳಿಯೆಂದರೆ ಹಬ್ಬದಂತೆ, ವರ್ಷಕ್ಕೊಮ್ಮೆ ಬರುವುದು; ಎಲ್ಲರೂ ಸ್ವೆಟರು, ಮಫ್ಲರು, ಮಂಗನ ಟೊಪ್ಪಿಗೆಯಲ್ಲಿ ಮೈದುಂಬಿ ನಿಂತಿದ್ದೆವು. ಹಿಂದೆ ಕತ್ತಲಲ್ಲಿ ಕೋಟೆಗುಡ್ಡ ದೊಡ್ಡ ಎಮ್ಮೆಯ ಹಾಗೆ ಮಲಗಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಊರವರು ಹೇಳುವ ಫ್ರೆಂಚ್ ಎಂಜಿನಿಯರನ ಕತೆ ನೆನಪಾಗುತ್ತದೆ. ಗುಡ್ಡದ ಮೇಲಿನ ಕೋಟೆ ಹನುಮಪ್ಪ ನಾಯಕನದು. ಊರು ಹೈದರಾಲಿಯ ಕೈಗೆ ಬಂದ ಮೇಲೆ ಅವನು ಕೋಟೆಯನ್ನು ಬಲಪಡಿಸಿ ಕೆಳಕೋಟೆ ಕಟ್ಟಲು ಒಬ್ಬ ಫ್ರೆಂಚ್ ಎಂಜಿನಿಯರನನ್ನು ನೇಮಿಸಿದನಂತೆ. ಕೆಲಸವೆಲ್ಲ ಮುಗಿದ ಮೇಲೆ ನೋಡಿದರೆ ಪಕ್ಕದ ಕುಂಬಾರಗುಡ್ಡವೇ ಎತ್ತರ! ಅಲ್ಲಿ ಫಿರಂಗಿ ಏರಿಸಿದವನ ಕಣ್ಣಿಗೆ ಇಡೀ ಕೋಟೆ ತೆರೆದಿಟ್ಟ ಊಟದ ಡಬ್ಬಿ. ಎಂಜಿನಿಯರನನ್ನು ಕೋಟೆಯ ಬಾಗಿಲಲ್ಲೇ ಗಲ್ಲಿಗೆ ಹಾಕಿದರಂತೆ. ಎತ್ತರದ ಲೆಕ್ಕ ತಪ್ಪಿದರೆ ಕೊರಳು ಕೊಡಬೇಕಾದ ಊರು ನಮ್ಮದು. ಪಾಪ, ಅವನು ಎರಡೂ ಗುಡ್ಡದ ಬುಡದವರೆಗೆ ಒಮ್ಮೆ ಸೈಕಲ್ ತುಳಿದಿದ್ದರೆ ತೊಡೆಗಳೇ ಸುಳಿವು ಕೊಡುತ್ತಿದ್ದವು. ಆದರೆ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಪೆಡಲೂ ಇಲ್ಲದ ಎರಡು ಚಕ್ರದ ಗಾಡಿಯನ್ನು ಉರುಳಿಸಿದ್ದೇ 1817ರಲ್ಲಿ.

ಊರು ದಾಟಿ ಸಿರುಗುಪ್ಪ ರಸ್ತೆಗೆ ಬಿದ್ದೆವು. ಎರಡೂ ಕಡೆ ಎರೆಹೊಲ, ಹತ್ತಿ, ಕೆಂಪಿಗೆ ತಿರುಗುತ್ತಿರುವ ಮೆಣಸಿನಕಾಯಿ. ರಸ್ತೆ ಹಾಸಿಗೆಯಂತೆ ಮಲಗಿದೆ. ಮೊದಲ ಐದಾರು ಕಿಲೋಮೀಟರು ಹಾರಿದೆವು ಎನ್ನಬೇಕು. ಏಜೆಂಟರು ಹಾಡಲು ಶುರು ಮಾಡಿದರು. ಆಮೇಲೆ, ಯಾವ ಕಾರಣವೂ ಕಾಣದೆ, ಹಾಡು ನಿಂತಿತು. ಮುಂದೆ ರಸ್ತೆ ಹಿಂದಿನಷ್ಟೇ ನೇರ, ಹಿಂದಿನಷ್ಟೇ ಸಪಾಟು. ಕಾಲು ಮಾತ್ರ ಕೆಸರಿನಲ್ಲಿ ಹೂತಂತೆ. ಬ್ರೇಕು ಹಿಡಿದಿದೆಯೋ ಎಂದು ಇಳಿದು ಚಕ್ರ ತಿರುಗಿಸಿ ನೋಡಿದೆ. ಚಕ್ರ ಸರಾಗವಾಗಿ ತಿರುಗಿತು. ‘ಏರು ಸರ್’ ಎಂದ ಎಂಜಿನಿಯರು, ಹ್ಯಾಂಡಲ್ಲಿಗೆ ಕಟ್ಟಿದ ಪುಟ್ಟ ಯಂತ್ರ ನೋಡುತ್ತ. ‘ಎಲ್ಲಪ್ಪ ಏರು?’ ಎಂದೆ. ‘ಕಣ್ಣಿಗೆ ಕಾಣಲ್ಲ, ಕಾಲಿಗೆ ಗೊತ್ತಾಗುತ್ತೆ.’

ಅಂದು ನನಗೆ ಕಳ್ಳ ಏರಿನ ಪರಿಚಯವಾಯಿತು. ಬೆಟ್ಟದ ಏರು ಮರ್ಯಾದಸ್ಥ. ಬರುತ್ತೇನೆಂದು ದೂರದಿಂದಲೇ ಹೇಳಿ ಬರುತ್ತದೆ. ನಮ್ಮ ಬಯಲಿನದು ಹಾಗಲ್ಲ. ಒಂದು ಹಳ್ಳ ದಾಟುವ ಮೊದಲು ರಸ್ತೆ ಗೊತ್ತಾಗದಂತೆ ತಗ್ಗುತ್ತದೆ, ದಾಟಿದ ಮೇಲೆ ಗೊತ್ತಾಗದಂತೆ ಎತ್ತುತ್ತದೆ. ಬಸ್ಸಿನಲ್ಲಿ ನೂರು ಸಲ ಈ ದಾರಿಯಲ್ಲಿ ಹೋಗಿದ್ದೇನೆ. ಏರೆಲ್ಲ ಡ್ರೈವರನ ಗೇರಿಗೆ ಗೊತ್ತಿತ್ತು, ನನಗೆ ತೂಕಡಿಕೆ ಮಾತ್ರ ಗೊತ್ತಿತ್ತು.

ಇದರ ಮೇಲೆ ಗಾಳಿ. ಬಿಸಿಲೇರಿದಂತೆ ಮೂಡಗಾಳಿ ಬಲಗಡೆಯಿಂದ ಎದ್ದು ಓರೆಯಾಗಿ ಎದೆಗೆ ಕೊಟ್ಟಿತು. ಇಳಿಜಾರಿನಲ್ಲೂ ಪೆಡಲು ತುಳಿಯಬೇಕಾದ ಅವಸ್ಥೆ. ಬಯಲುಸೀಮೆಗೆ ದೇವರು ಬೆಟ್ಟ ಕೊಡದಿದ್ದುದಕ್ಕೆ ಪರಿಹಾರವಾಗಿ ಎದುರುಗಾಳಿ ಕೊಟ್ಟಿದ್ದಾನೆ: ತುದಿಯಿಲ್ಲದ, ಆಚೆ ಮಗ್ಗುಲೂ ಇಲ್ಲದ ಬೆಟ್ಟ. 1910ರಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯದವರು ಮೊದಲ ಸಲ ಪೈರಿನೀಸ್ ಪರ್ವತದ ಎತ್ತರದ ಕಣಿವೆದಾರಿಗಳಿಗೆ ಸ್ಪರ್ಧಿಗಳನ್ನು ಹತ್ತಿಸಿದರಂತೆ. ಅದರಲ್ಲೊಂದು 2,115 ಮೀಟರ್ ಎತ್ತರದ ತೂರ್ಮಾಲೆ. ಸೈಕಲ್ ನೂಕಿಕೊಂಡು ಹತ್ತುತ್ತಿದ್ದ ಒಕ್ತಾವ್ ಲಾಪೀಜ್ ದಾರಿಯಲ್ಲಿ ಸಿಕ್ಕ ಪಂದ್ಯದವರನ್ನು ಕೊಲೆಗಡುಕರೆಂದು ಬೈದನಂತೆ. ಆ ವರ್ಷ ಗೆದ್ದವನೂ ಅವನೇ. ನಮ್ಮ ಮ್ಯಾನೇಜರು ಸಾಹುಕಾರರಿಗೆ ಅಂದದ್ದು ಅದಕ್ಕಿಂತ ಖಾರವಾಗಿತ್ತು, ಇಲ್ಲಿ ಬರೆಯುವಂತಿಲ್ಲ. ಅವರೇನೂ ಗೆಲ್ಲಲಿಲ್ಲ.

ಕೋಳೂರು ಕ್ರಾಸಿನ ಹತ್ತಿರ ನನ್ನ ಹಿಂದಿನ ಚಕ್ರ ಪುಸ್ಸೆಂದಿತು. ನೆರಳಿಗೆಂದು ರಸ್ತೆ ಬಿಟ್ಟು ಜಾಲಿಯ ಬುಡಕ್ಕೆ ಸೈಕಲ್ ಒಯ್ದಿದ್ದೆ. ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆಯ ಈ ಗಿಡವನ್ನು ಬ್ರಿಟಿಷರ ಕಾಲದಲ್ಲಿ ಸೌದೆಗೆಂದು ಈ ದೇಶಕ್ಕೆ ತಂದರು. ಬೇಡವೆಂದರೂ ಬೆಳೆಯಿತು, ಕಡಿದರೂ ಚಿಗುರಿತು. ಕರ್ನಾಟಕದ ತುಂಬ ಅದಕ್ಕೆ ಬಳ್ಳಾರಿ ಜಾಲಿ ಎಂದೇ ಹೆಸರು. ಮೈಸೂರಿಗೆ ಮಲ್ಲಿಗೆ, ನಂಜನಗೂಡಿಗೆ ರಸಬಾಳೆ, ನಮಗೆ ಮುಳ್ಳು. ಸ್ವಂತ ಊರಿನ ಹೆಸರು ಹೊತ್ತದ್ದು ಸ್ವಂತ ಊರಿನವನಿಗೇ ಚುಚ್ಚಿತಲ್ಲ ಎಂದು ನೋಯುತ್ತ ಸೈಕಲ್ ನೂಕಿಕೊಂಡು ಪಂಚರ್ ಅಂಗಡಿಗೆ ಬಂದೆ.

ಅಂಗಡಿಯ ಮುಂದೆ ಟ್ರ್ಯಾಕ್ಟರಿನ ಟೈರುಗಳು, ಭತ್ತ ಕೊಯ್ಯುವ ಯಂತ್ರದ ಒಂದು ಆಳೆತ್ತರದ ಟೈರು. ಅಂಗಡಿಯಾತ ನನ್ನ ಟ್ಯೂಬನ್ನು ಎರಡು ಬೆರಳಲ್ಲಿ ಹಿಡಿದು ಮೇಲೆತ್ತಿ ನೋಡಿದ. ‘ಇದೇನಣ್ಣ, ಸಲೈನ್ ಪೈಪಿದ್ದಂಗೈತಿ’ ಎಂದ. ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಟ್ಯೂಬಿಗೆ ಗಾಳಿ ತುಂಬಿ, ಕಪ್ಪುಗಟ್ಟಿದ ಬಾಣಲೆಯ ನೀರಿನಲ್ಲಿ ಗೇಣುಗೇಣಾಗಿ ಮುಳುಗಿಸುತ್ತ ಹೋದ. ಒಂದು ಕಡೆ ಸಾಸಿವೆಯಂಥ ಗುಳ್ಳೆಗಳ ಸಾಲು ಎದ್ದಿತು. ಅಲ್ಲಿ ಕಡ್ಡಿಯಿಂದ ಗುರುತು. ಇನ್ನೊಂದು ಗೇಣು, ಇನ್ನೊಂದು ಸಾಲು. ಮೂರಾದವು. ಆಮೇಲೆ ಟೈರಿನ ಒಳಗೆ ಹೆಬ್ಬೆರಳನ್ನು, ಕುರುಡರು ಮುಖ ಸವರುವ ಹಾಗೆ, ನಿಧಾನವಾಗಿ ಸುತ್ತ ಓಡಿಸಿದ. ತಡೆದಲ್ಲೆಲ್ಲ ನಿಂತು ಇಕ್ಕಳದಿಂದ ಕಿತ್ತ. ಕಿತ್ತದ್ದನ್ನು ಎಸೆಯಲಿಲ್ಲ, ಅಂಗೈಯಲ್ಲಿಟ್ಟು ನನಗೆ ತೋರಿಸಿದ. ಏಳು ಮುಳ್ಳು. ‘ನಾಕು ಜಾಲಿ, ಮೂರು ನೆಗ್ಗಿಲು. ನೆಗ್ಗಿಲು ಇಲ್ಲಿದಲ್ಲ, ಊರಿಂದ ತಂದೀರಿ’ ಎಂದ. ಪತ್ತೇದಾರನೂ ಇಷ್ಟು ಖಚಿತವಾಗಿ ಹೇಳಲಾರ. ರಬ್ಬರು ಉಜ್ಜಿ, ಸೊಲ್ಯೂಷನ್ ಹಚ್ಚಿ, ಬಾಯಿಂದ ಊದಿ ಆರಿಸಿ, ಪ್ಯಾಚ್ ಒತ್ತಿ, ಸುತ್ತಿಗೆಯ ಹಿಂಬದಿಯಿಂದ ಮೆಲ್ಲಗೆ ತಟ್ಟಿದ. ಹಸುಗೂಸಿನ ಬೆನ್ನು ತಟ್ಟಿದ ಹಾಗೆ.

‘ಎಷ್ಟಪ್ಪ?’

‘ಸೈಕಲ್ ಆದ್ರೆ ಒಂದಕ್ಕ ಇಪ್ಪತ್ತು. ಗೇರ್ ಸೈಕಲ್ಲಿಗೆ ಐವತ್ತು.’

‘ಟ್ಯೂಬು ಸಣ್ಣದಲ್ಲೇನು? ಕಡಿಮಿ ಆಗಬೇಕು.’

‘ರೊಕ್ಕ ಟ್ಯೂಬು ನೋಡಿ ಹೇಳಂಗಿಲ್ಲಣ್ಣ, ಟೊಪ್ಪಿಗಿ ನೋಡಿ ಹೇಳತೀವಿ’ ಎಂದು ನನ್ನ ಹೆಲ್ಮೆಟ್ಟಿನ ಕಡೆ ಕೈ ತೋರಿದ.

ಕುರುಗೋಡು ಮುಟ್ಟಿದಾಗ ಮಧ್ಯಾಹ್ನ. ಬಯಲಿನ ನಡುವೆ ಯಾರೋ ಬಂಡೆಗಳನ್ನು ಹೇರು ಹೇರಾಗಿ ತಂದು ಸುರಿದು ಲೆಕ್ಕ ಕೊಡದೆ ಹೋದಂತಿರುವ ಬೆಟ್ಟದ ಸಾಲು. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿಂದ ಸಿಂದರು ಆಳಿದರು. ಬೆಟ್ಟದ ಬುಡದ ಹಳೆಯ ಗುಡಿಗಳು ಚಾಲುಕ್ಯರ ಶೈಲಿಯವು. ಈಗ ಊರಿನ ಒಡೆಯ ದೊಡ್ಡಬಸವೇಶ್ವರ. ಬೇರೆ ಕಡೆ ಶಿವ ಒಳಗೆ, ನಂದಿ ಹೊರಗೆ. ಇಲ್ಲಿ ಆಳೆತ್ತರ ಮೀರಿದ ನಂದಿಯೇ ಗರ್ಭಗುಡಿಯಲ್ಲಿ. ಸವಾರನನ್ನು ಬದಿಗಿಟ್ಟು ವಾಹನಕ್ಕೇ ಪೂಜೆ ಸಲ್ಲಿಸುವ ಊರು ಇದು. ನಲವತ್ತು ಸಾವಿರದ ಸೈಕಲ್ಲನ್ನು ಮಂಚದ ಪಕ್ಕ ನಿಲ್ಲಿಸಿಕೊಂಡು ಮಲಗುವ ನಮ್ಮ ಎಂಜಿನಿಯರಿಗೆ ಈ ಧರ್ಮ ತಕ್ಷಣ ಅರ್ಥವಾಯಿತು. ತೆಂಗಿನಕಾಯಿ ಒಡೆಸಿ, ಕುಂಕುಮವನ್ನು ಹಣೆಗೆ ಸ್ವಲ್ಪ, ಹ್ಯಾಂಡಲ್ಲಿಗೆ ಹೆಚ್ಚು ಹಚ್ಚಿದ.

ಸಂಜೆಗೆ ಸೈಕಲ್ಲುಗಳನ್ನು ಕೆಳಗೆ ಬಿಟ್ಟು ಬಂಡೆ ಹಿಡಿದು ಅರ್ಧ ಬೆಟ್ಟ ಹತ್ತಿದೆವು. ಮಿಕ್ಕರ್ಧ ಎಂದೂ ಇರುತ್ತದೆ ಎಂದು ಡಾಕ್ಟರು ಸಮಾಧಾನ ಹೇಳಿದರು. ಕೂತು ಕೆಳಗೆ ನೋಡಿದೆ. ಮೂವತ್ತು ವರ್ಷ ನಾನು ಸಪಾಟೆಂದ ಸೀಮೆ ಪೂರ್ತಿಯಾಗಿ ಕಾಣುತ್ತಿತ್ತು. ಸಪಾಟಾಗಿಯೇ ಕಂಡಿತು. ಆದರೆ ಅದರ ನಡುವೆ ಕಾಲುವೆಯೊಂದು ಇಳಿಬಿಸಿಲಿಗೆ ಹೊಳೆಯುತ್ತಿತ್ತು, ನೇರವಾಗಿ ಹರಿಯದೆ. ನೆಲ ಸಪಾಟಾಗಿದ್ದರೆ ಕಾಲುವೆ ಗೀಟು ಎಳೆದ ಹಾಗೆ ಹೋಗಬೇಕಿತ್ತು. ಇದು ಅತ್ತ ಸರಿದು ಇತ್ತ ಬಳುಕಿ, ಎಲ್ಲೋ ಒಂದು ಕಡೆ ಹಿಂದಕ್ಕೇ ಬಂದು, ನೆಲದ ಮೈಯನ್ನು ತಡವಿಕೊಂಡು ಹೋಗುತ್ತಿತ್ತು. ಅದರ ಒಂದು ಬದಿಗೆ ಭತ್ತದ ಕೂಳೆ, ಹಸಿರು, ಬೆಳ್ಳಕ್ಕಿ. ಇನ್ನೊಂದು ಬದಿಗೆ, ನಾಲ್ಕೇ ಮಾರು ಆಚೆ, ಒಣಹೊಲ.

‘ಕಾಲುವಿ ಕೆಳಗಿನೋರಿಗೆ ಬೆಳೆಸಾಲ ಕೊಟ್ರೆ ತಾವಾಗೇ ಬಂದು ಕಟ್ತಾರ’ ಎಂದರು ಮ್ಯಾನೇಜರು, ಆ ಗಡಿಯನ್ನೇ ನೋಡುತ್ತ. ‘ಮೇಲಿನೋರಿಗೆ ಕೊಟ್ರೆ ನಾವು ಹೋಗಬೇಕು. ಇಬ್ಬರ ಹೊಲಕ್ಕೂ ನಡುವೆ ಒಂದು ಬದು ಅಷ್ಟೇ ಇರತೈತಿ. ಮಣ್ಣೂ ಅದೇ, ಜನಾನೂ ಅವರೇ.’

ತುಂಗಭದ್ರೆಗೆ ಅಣೆಕಟ್ಟು ಕಟ್ಟಲು ಶುರು ಮಾಡಿದ್ದು 1945ರಲ್ಲಿ, ಮುಗಿದದ್ದು 1953ರಲ್ಲಿ. ಬಳ್ಳಾರಿ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ್ದೂ ಅದೇ ವರ್ಷದ ಅಕ್ಟೋಬರ್ 1ಕ್ಕೆ. ಬಲದಂಡೆಯ ಎರಡು ದೊಡ್ಡ ಕಾಲುವೆಗಳ ಹೆಸರನ್ನು ಮಕ್ಕಳೂ ಬಲ್ಲರು: ಎಚ್ಎಲ್‌ಸಿ, ಎಲ್ಎಲ್‌ಸಿ. ಮೇಲ್ಮಟ್ಟದ್ದು ಬಳ್ಳಾರಿಯ ಕಡೆಯಿಂದ ಅನಂತಪುರಕ್ಕೆ, ಕೆಳಮಟ್ಟದ್ದು ಸಿರುಗುಪ್ಪದ ಕಡೆಯಿಂದ ಕರ್ನೂಲಿಗೆ. ಊರಿನ ಹೆಸರಲ್ಲ, ದೇವರ ಹೆಸರಲ್ಲ, ರಾಜರ ಹೆಸರೂ ಅಲ್ಲ, ಮಟ್ಟದ ಹೆಸರು. ಜೀವಮಾನವೆಲ್ಲ ಆ ಎರಡು ಹೆಸರುಗಳನ್ನು ಬಾಯಲ್ಲಿ ಆಡಿಸಿಕೊಂಡೇ ಈ ಸೀಮೆ ಸಪಾಟು ಎಂದು ವಾದಿಸುತ್ತ ಬಂದವನ ಬಗ್ಗೆ ಬೆಟ್ಟದ ಮೇಲೆ ಕೂತು ನನಗೇ ಸಣ್ಣ ಅನುಮಾನ ಶುರುವಾಯಿತು.

ರಾತ್ರಿ ಡಾಕ್ಟರ ಹಳೆಯ ಪೇಷೆಂಟೊಬ್ಬರ ಮನೆಯಲ್ಲಿ ಊಟ. ಆ ಮನೆಯ ಅಮ್ಮ ಆರು ಹೆಲ್ಮೆಟ್ಟುಗಳನ್ನು ನೋಡಿ ಗಾಬರಿಯಾಗಿ ‘ಬಸ್ಸು ತಪ್ಪಿತೇನ್ರೀ?’ ಎಂದರು. ಸಂತೋಷಕ್ಕಾಗಿ ಬಂದಿದ್ದೇವೆ ಎಂದರೆ ನಂಬಲಿಲ್ಲ. ‘ಹರಕೆ ಇರಬೇಕು, ಹೇಳವಲ್ರು’ ಎಂದು ಸೊಸೆಯ ಕಿವಿಯಲ್ಲಿ ಅಂದದ್ದು ನಮಗೂ ಕೇಳಿಸಿತು. ಹರಕೆಯವರೆಂದ ಮೇಲೆ ಉಪಚಾರ ಹೆಚ್ಚಿತು: ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾಪುಡಿ, ಗಟ್ಟಿ ಮೊಸರು. ಹೊರಗೆ ಹೊಸ್ತಿಲ ಹುಣ್ಣಿಮೆಯ ಚಂದ್ರ ಬಂಡೆಗಳ ಮೇಲೆ ಏರಿ ಕೂತಿದ್ದ. ನಾಲ್ಕನೇ ರೊಟ್ಟಿಗೆ ಮ್ಯಾನೇಜರು ಸಕ್ಕರೆ ಕಾಯಿಲೆಯನ್ನೂ ಸಾಹುಕಾರರು ಹೊಟ್ಟೆಯನ್ನೂ ಮರೆತರು. ಡಾಕ್ಟರು ಗೋಡೆಯ ಕ್ಯಾಲೆಂಡರು ನೋಡುತ್ತ ಕೂತರು.

ಮಾರನೇ ದಿನ ಮೈಯೆಲ್ಲ ಪ್ರತ್ಯೇಕ ಪ್ರತ್ಯೇಕ ಅಂಗಗಳಾಗಿ ಎದ್ದಿತು. ಸೀಟಿನ ಮೇಲೆ ಕೂತ ಮೊದಲ ಕ್ಷಣದಲ್ಲಿ ಆರು ಬಾಯಿಂದ ಒಂದೇ ಸ್ವರ ಹೊರಟಿತು. ಮಂಡಳಿ ಅಷ್ಟು ಒಮ್ಮತದಿಂದ ಎಂದೂ ಹಾಡಿರಲಿಲ್ಲ. ತೆಕ್ಕಲಕೋಟೆಯ ಗುಡ್ಡಗಳು ಕಂಡಾಗ ನೆಪ ಮಾಡಿ ಇಳಿದೆವು. 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅವರು ಅಗೆದು ನೋಡಿದ್ದು ಇಲ್ಲಿ. ಮೂರೂವರೆ ಸಾವಿರ ವರ್ಷಕ್ಕೂ ಹಿಂದೆ, ಕಲ್ಲಿನ ಕೊಡಲಿ ಹಿಡಿದ ಜನ ಈ ಬಂಡೆಗಳ ನಡುವಿನ ತಾಣಗಳಲ್ಲಿ ದುಂಡನೆಯ ಗುಡಿಸಲು ಹಾಕಿ, ದನ ಕಟ್ಟಿಕೊಂಡು ಬದುಕಿದ್ದರು. ಕೆಳಗೆ ಬೇಕಾದಷ್ಟು ನೆಲ ಬಿದ್ದಿದ್ದರೂ ಗುಡ್ಡದ ಮೇಲೇ ಮನೆ ಮಾಡಿದವರು. ನಾವು ರಜೆ ಹಾಕಿ, ಸೈಕಲ್ ಕೊಂಡು, ಗ್ಲೂಕೋಸ್ ಕುಡಿದು ಹತ್ತುವ ಏರನ್ನು ಅವರ ಹೆಂಗಸರು ದಿನಾ ನೀರು ಹೊತ್ತುಕೊಂಡು ಹತ್ತಿರಬೇಕು. ನೀರು ಎಂದದ್ದೇ ನನಗೆ ನಮ್ಮ ಮನೆಯ ನಲ್ಲಿ ನೆನಪಾಗಿ ಸೈಕಲ್ ಹತ್ತಿದೆ.

ಮುಂದೆ ರಸ್ತೆಯೇ ಕಣ. ಕೊಯ್ಲು ಮುಗಿದ ಕಾಲ. ಹರದಾರಿ ಉದ್ದಕ್ಕೂ ರಸ್ತೆಯ ಅರ್ಧಕ್ಕೆ ಭತ್ತ ಹರವಿ, ಗಾಡಿ ಹಾಯದಂತೆ ಅಂಚಿಗೆ ಕಲ್ಲಿಟ್ಟಿದ್ದರು. ಲಾರಿ, ಬಸ್ಸು, ಟ್ರ್ಯಾಕ್ಟರು, ನಾವು ಎಲ್ಲ ಮಿಕ್ಕರ್ಧದಲ್ಲಿ. ಹೊಸ ಭತ್ತದ ವಾಸನೆ ಮೂಗಿಗೆ, ಅದರ ಸುಂಕು ಕುತ್ತಿಗೆಗೆ. ಕಾಲಲ್ಲಿ ಭತ್ತವನ್ನು ಗೀಟು ಗೀಟಾಗಿ ಕೆದರುತ್ತ ನಡೆಯುತ್ತಿದ್ದ ರೈತನೊಬ್ಬ ಎಂಜಿನಿಯರ ಸೈಕಲ್ಲನ್ನು ನಿಲ್ಲಿಸಿ ಸುತ್ತ ತಿರುಗಿ ನೋಡಿದ.

‘ಎಷ್ಟು ಬಿತ್ತು?’

‘ನಲವತ್ತು ಸಾವಿರ.’

‘ಕ್ಯಾರಿಯರ್ ಇಲ್ಲ, ಸ್ಟ್ಯಾಂಡಿಲ್ಲ, ಬೆಲ್ಲಿಲ್ಲ, ಚೈನಿಗೆ ಮುಚ್ಚಳಿಲ್ಲ. ಅರ್ಧ ಸಾಮಾನು ಮಾರಿಬಿಟ್ಟೀರೇನು?’ ಎಂದು ನಿಜವಾದ ಕನಿಕರದಿಂದ ಕೇಳಿದ. ‘ಇದರಾಗ ಹುಲ್ಲು ಹೆಂಗ ತರ್ತೀರಿ?’

ಹುಲ್ಲು ತರದ ಸೈಕಲ್ಲು, ಊರಿಗೆ ಹೋಗದ ಪ್ರಯಾಣ. ವಿವರಿಸಲು ಹೋದಷ್ಟೂ ನಮಗೇ ಅಪಾರ್ಥವಾಗತೊಡಗಿತು. ‘ಸರಿ ಹೋಗಿ ಬರ್ರಿ, ಎರೆಭೂತ ಕಂಡ್ರೆ ಹೇಳ್ರಿ’ ಎಂದು ಕಳಿಸಿದ. ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ದೊಡ್ಡ ಹಕ್ಕಿ ಅದು; ಎತ್ತರದ ಮೈ, ಗಂಭೀರ ನಡಿಗೆ. ನಮಗೆ ಕಾಣಲಿಲ್ಲ. ಹೆಲ್ಮೆಟ್ಟು, ಬಣ್ಣದ ಅಂಗಿ ಹಾಕಿಕೊಂಡು ರಸ್ತೆಬದಿಗೆ ಸಾಲಾಗಿ ನಿಂತ ಆರು ಅಪರೂಪದ ಪ್ರಾಣಿಗಳನ್ನು ಕಂಡ ತೃಪ್ತಿ ರೈತನಿಗಂತೂ ಸಿಕ್ಕಿತು.

ಸಿರುಗುಪ್ಪದಲ್ಲಿ ಒಗ್ಗರಣೆ-ಮಿರ್ಚಿ. ನೆನೆಸಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸು, ಹುಳಿ, ಮೇಲೆ ಪುಠಾಣಿ ಪುಡಿ. ಪಕ್ಕದಲ್ಲಿ ಕಾದ ಎಣ್ಣೆಯಿಂದ ಈಗಷ್ಟೇ ಎದ್ದ ಮಿರ್ಚಿ. ಆಂಧ್ರದ ಗಡಿ ದಾಟಿದರೆ ಇದೇ ಉಗ್ಗಾಣಿ-ಬಜ್ಜಿ. ಎರಡು ದಿನದ ಎಲ್ಲ ಏರುಗಳ ಮೇಲಿನ ಸೇಡನ್ನು ಆ ತಟ್ಟೆಯ ಮೇಲೆ ತೀರಿಸಿಕೊಂಡೆವು.

ಹೊತ್ತು ಇಳಿದ ಮೇಲೆ ಕೆಂಚನಗುಡ್ಡದ ಹತ್ತಿರ ಹೊಳೆಯ ದಂಡೆಗೆ ಹೋಗಿ ಕಾಲು ನೀರಿಗೆ ಬಿಟ್ಟು ಕೂತೆವು. ಅಗಲವಾದ ತುಂಗಭದ್ರೆ, ನಡುವೆ ಬಂಡೆಗಳು. ಆ ವರ್ಷದ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಕೊಂಡು ಹೋಗಿ ಈ ಸೀಮೆಯೆಲ್ಲ ಉಸಿರು ಹಿಡಿದು ಕೂತಿತ್ತು. ಹರಿಯುವ ನೀರಿನಲ್ಲೇ ಹಲಗೆಗಳನ್ನು ಇಳಿಸಿ ವಾರದೊಳಗೆ ನೀರು ನಿಲ್ಲಿಸಿದರು. ನಾವು ದಾರಿಯಲ್ಲಿ ತುಳಿಯದೆ ಬಂದ ಭತ್ತ ಹಾಗೆ ಉಳಿದ ಭತ್ತ. ಅಣೆಕಟ್ಟಿಗೂ ಎಷ್ಟೋ ಹಿಂದೆ, ವಿಜಯನಗರದ ಕಾಲದಲ್ಲೇ ಈ ದಂಡೆಯಿಂದ ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆ ತೆಗೆದಿದ್ದರು, ಇವತ್ತಿಗೂ ಹರಿಯುತ್ತಿವೆ. ಎಂಜಿನಿಯರನ ಹ್ಯಾಂಡಲ್ಲಿನ ಯಂತ್ರವಿಲ್ಲದೆ ಈ ನೆಲದ ಒಂದೊಂದು ಅಂಗುಲದ ಇಳಿಜಾರನ್ನು ಅಳೆದವರು. ಅವರಲ್ಲಿ ಯಾರನ್ನೂ ಗಲ್ಲಿಗೇರಿಸಿದ ಕತೆಯಿಲ್ಲ.

‘ಸರ್, ಒಂದು ವಿಷಯ’ ಎಂದ ಎಂಜಿನಿಯರು, ಯಂತ್ರ ಒತ್ತುತ್ತ. ‘ಬಳ್ಳಾರಿಗಿಂತ ನಾವೀಗ ನೂರು ಮೀಟರಿನಷ್ಟು ಕೆಳಗಿದ್ದೀವಿ. ಒಟ್ಟಾರೆ ನೋಡಿದ್ರೆ ಎರಡು ದಿನ ನಾವು ಇಳಿಜಾರಲ್ಲಿ ಬಂದಿರೋದು.’

ಯಾರೂ ಮಾತಾಡಲಿಲ್ಲ. ಮ್ಯಾನೇಜರು ಅವನನ್ನು ಹೊಳೆಗೆ ನೂಕುವ ಮುಖ ಮಾಡಿದರು. ಇಳಿಜಾರಿಗೇ ಈ ಪಾಡಾದರೆ ವಾಪಸು ಹೋಗುವ ಏರಿಗೆ? ಸಾಹುಕಾರರು ಆಗಲೇ ಫೋನ್ ತೆಗೆದು ಪಿಕಪ್ ಗಾಡಿಗೆ ಹೇಳುತ್ತಿದ್ದರು. ಆರು ಸೈಕಲ್ಲುಗಳ ನಡುವೆ ಆರು ಜನ ಗೋಣಿಚೀಲಗಳಂತೆ ಒರಗಿ, ಎರಡು ದಿನ ತುಳಿದದ್ದನ್ನು ಒಂದೂವರೆ ತಾಸಿನಲ್ಲಿ ಹಿಂದಕ್ಕೆ ಸುತ್ತಿಕೊಂಡು ಬಂದೆವು. ಗಾಡಿಯೊಳಗಿಂದ ನೋಡಿದರೆ ಸೀಮೆ ಮತ್ತೆ ಸಪಾಟಾಗಿತ್ತು.

ರಾಯಲ್ ಸರ್ಕಲ್ಲಿನಲ್ಲಿ ಇಳಿದು ಮನೆಗೆ ಸೈಕಲ್ ಹತ್ತಿದೆ. ಒಂದೂವರೆ ಕಿಲೋಮೀಟರು. ದೊಡ್ಡ ರಸ್ತೆ ಮುಗಿದು ನಮ್ಮ ಬೀದಿಗೆ ತಿರುಗಿದೆ. ಆ ತುದಿಯ ಮನೆಗಳ ಮುಂದೆ ಅಂಗಳ ಒದ್ದೆಯಾಗಿತ್ತು, ಯಾರೋ ಸ್ಕೂಟರ್ ತೊಳೆಯುತ್ತಿದ್ದರು. ನಾಲ್ಕು ಮನೆ ದಾಟಿದೆ. ಕಾಲು ಕೆಸರಿನಲ್ಲಿ ಹೂತಂತಾಯಿತು. ಗಾಳಿ ಇರಲಿಲ್ಲ. ಬ್ರೇಕೂ ಹಿಡಿದಿರಲಿಲ್ಲ. ಈ ಸಲ ಇಳಿದು ಚಕ್ರ ತಿರುಗಿಸಿ ನೋಡುವ ಅಗತ್ಯ ಬೀಳಲಿಲ್ಲ. ಗೇರು ಇಳಿಸಿದೆ, ಇನ್ನೊಂದು ಇಳಿಸಿದೆ, ಇಳಿಸಲು ಇನ್ನು ಉಳಿದದ್ದು ನಾನೊಬ್ಬನೇ. ಮನೆಗೆ ಮೂರು ಬಾಗಿಲು ಇರುವಾಗ ಇಳಿದು ಸೈಕಲ್ ನೂಕತೊಡಗಿದೆ.

ನಲ್ಲಿ ಬುಸ್ಸೆನ್ನುತ್ತಿತ್ತು. ಖಾಲಿ ಕೊಡಗಳ ಸಾಲಿನ ಹಿಂದೆ, ಹೊಸ್ತಿಲ ಮೇಲೆ, ಆಕೆ ನಿಂತು ನೋಡುತ್ತಿದ್ದಳು. ನಾನು ಹತ್ತಿರ ಬರುವವರೆಗೂ ಏನೂ ಅನ್ನಲಿಲ್ಲ.

‘ಯಾಕ್ರೀ ಇಳಿದ್ರಿ?’ ಎಂದಳು. ‘ನಮ್ಮ ಬೀದಿ ಸಪಾಟಲ್ಲೇನು?’